ತಂತಿಯವನು ಬಾರದ ಸಿನಿಮಾ

ಕೂಡ್ಲಿಗಿಯ ಅಂಚೆ ಕಚೇರಿಯಿಂದ ತಂತಿ ಹಂಚುತ್ತಿದ್ದ ಗಂಗಪ್ಪ ಊರಿನ ಯಾವ ಮನೆಯಲ್ಲೂ ನೀರು ಕೇಳುವಂತಿರಲಿಲ್ಲ. ಅದಕ್ಕೆ ಕಾರಣ ಅವನೇ. ಸಾವಿನ ಸುದ್ದಿಯಿದ್ದರೆ ಮೊದಲು ಒಂದು ಚೊಂಬು ನೀರು ಕೇಳುತ್ತಿದ್ದ. ಹೆಣ್ಣುಮಕ್ಕಳು ಒಳಗೆ ಹೋದಾಗ ಕಾಗದವನ್ನು ಗಂಡಸರ ಕೈಗಿಡುತ್ತಿದ್ದ. ಒಂದೆರಡು ವರ್ಷಗಳಲ್ಲಿ ಊರು ಇದನ್ನು ಅರಿತುಕೊಂಡಿತು. ಆಮೇಲೆ ಬಿಸಿಲಿಗೆ ಬಾಯಾರಿ ಕೇಳಿದರೂ ಒಳಗಿನಿಂದ ಅಳು ಏಳುತ್ತಿತ್ತು.

೧೯೯೧ರಲ್ಲಿ, ಕಾದಂಬರಿಯೊಂದನ್ನು ಆಧರಿಸಿದ ಸಿನಿಮಾ ಬಂತು. ಅದರಲ್ಲಿ ತಂತಿಯವನೊಬ್ಬ ನಾಯಕಿಯ ಬಾಗಿಲಲ್ಲಿ ನಿಂತು, ಸಾವಿನ ಕಾಗದ ಕೊಡಲಾರದೆ ಒದ್ದಾಡುತ್ತಾನೆ. ಗಂಗಪ್ಪ ಅದನ್ನು ಮೂರು ಸಲ ನೋಡಿದ. ಹೆಂಡತಿ ಓಬಮ್ಮ ಆಗ ಹೆರಿಗೆಗೆಂದು ತವರೂರು ಉಚ್ಚಂಗಿದುರ್ಗದಲ್ಲಿದ್ದಳು.

“ಅಂವ ನಾನ ನೋಡು. ನನ್ನ ಸಂಕಟ ಐತಿ ಅದ್ರಾಗ,” ಎಂದು ಅವಳಿಗೆ ಹದಿನೈದು ವರ್ಷ ಹೇಳುತ್ತಲೇ ಬಂದ.

“ಸೈಕಲ್ ತುಳಿಯೋ ಕೆಲಸಕ್ಕ ಏನ್ ಸಂಕಟ ಬಿಡ್ರಿ! ಉಂಡು ಮಲಗಿದ್ರ ಗೊರಕಿ ಮೂರು ಮನಿಗೆ ಕೇಳಸ್ತೈತಿ.”

ಅವಳು ಆ ದೃಶ್ಯವನ್ನು ಒಮ್ಮೆಯಾದರೂ ನೋಡಬೇಕೆಂಬುದೊಂದೇ ಅವನ ಆಸೆಯಾಗಿ ಉಳಿಯಿತು. ೨೦೦೬ರಲ್ಲಿ ಅದೇ ಕಾದಂಬರಿ ಮತ್ತೆ ಸಿನಿಮಾ ಆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಓಬಮ್ಮನನ್ನು ಕೊಟ್ಟೂರಿಗೆ ಮಧ್ಯಾಹ್ನದ ಆಟಕ್ಕೆ ಕರೆದೊಯ್ದ.

ನಾಯಕಿ ಬಾಗಿಲಿಗೆ ಬಂದಳು. ಗಂಗಪ್ಪ ಹೆಂಡತಿಯ ಮೊಣಕೈ ತಿವಿದ: “ಈಗ ನೋಡು.”

ನಾಯಕಿಯ ಕೈಯಲ್ಲಿದ್ದ ಮೊಬೈಲ್ ಮೊಳಗಿತು. ಕಿವಿಗಿಟ್ಟುಕೊಂಡಳು, ಕುಸಿದಳು. ದೃಶ್ಯ ಬದಲಾಯಿತು.

“ಎಲ್ಲ್ಯದಾನ್ರಿ ನಿಮ್ಮ ತಂತಿಯಂವ?”

“ಬರ್ತಾನ, ತಡಿ.”

ಆ ಸುದ್ದಿ ಮನೆ ಮುಟ್ಟಲು ಕಾದಂಬರಿಯಲ್ಲಿ ಹನ್ನೊಂದು ಪುಟ ಹಿಡಿದಿತ್ತು. ಹಳೆಯ ಸಿನಿಮಾದಲ್ಲಿ ನಾಲ್ಕು ನಿಮಿಷ. ಹೊಸದರಲ್ಲಿ ಫೋನಿನ ಒಂದೇ ಕರೆ. ಯಂತ್ರ ಬಂದು ಮನುಷ್ಯ ಕಲ್ಲಾದನೆಂಬ ಮಾತನ್ನು ನಾನು ಒಪ್ಪುವುದಿಲ್ಲ. ತಂತಿಯೂ ಯಂತ್ರವೇ. ಆದರೆ ಆ ಯಂತ್ರದಿಂದ ಮನೆಯವರೆಗೆ ಒಬ್ಬ ಮನುಷ್ಯ ಬರಬೇಕಿತ್ತು. ಅವನು ಬರುವಷ್ಟು ಹೊತ್ತು ಸತ್ತವರು ಆ ಮನೆಯಲ್ಲಿ ಬದುಕಿರುತ್ತಿದ್ದರು.

ಸಿನಿಮಾ ಮುಗಿಯಿತು. ದೀಪಗಳು ಹತ್ತಿದವು. ಗಂಗಪ್ಪ ಎದ್ದ. ಓಬಮ್ಮ ಏಳಲಿಲ್ಲ.

“ಅಂವ ಬರಲಿಲ್ಲಲ್ರಿ.”

“ಇನ್ನ ಬರಂಗಿಲ್ಲ. ನಡಿ.”

“ಹಂಗಾರ ನೀವ ಹೇಳ್ರಿ. ಬಾಗಿಲಾಗ ನಿಂತು ಏನ್ ಮಾಡ್ತಿದ್ದ?”

ಅವಳ ದನಿಯಲ್ಲಿ ಎಂದಿನ ಕುಚೋದ್ಯವಿರಲಿಲ್ಲ. ಗಂಗಪ್ಪ ಮತ್ತೆ ಕುಳಿತ. ಬಾಯಿಗೆ ಬಂದದ್ದು ಸಿನಿಮಾದ ಕಥೆಯಲ್ಲ.

“ಒಮ್ಮಿ, ಸಾವಿನ ತಂತಿ ಹಿಡಕೊಂಡು ನಮ್ಮೂರ ಕೊಟ್ರಮ್ಮನ ಮನಿ ಬಾಗಿಲಾಗ…” ಎಂದ.

ಖಾಲಿಯಾಗುತ್ತಿದ್ದ ಕುರ್ಚಿಗಳ ನಡುವೆ ಓಬಮ್ಮ ಅವನ ಮುಖವನ್ನೇ ನೋಡುತ್ತ ಕಾದಳು.