ಬ್ರೇಕ್ ಮೇಷ್ಟ್ರ ಬಲಗಾಲು

ಕೆಲವರು ಬುದ್ಧಿಯಿಂದ ಹೆಸರು ಮಾಡುತ್ತಾರೆ, ಕೆಲವರು ಕಂಠದಿಂದ. ನಮ್ಮ ಬೀದಿಯ ಬ್ರೇಕ್ ಮೇಷ್ಟ್ರು ಹೆಸರು ಮಾಡಿದ್ದು ಬಲಗಾಲಿನಿಂದ. ಅವರದು ಕಾರು ಕಲಿಸುವ ಶಾಲೆ. ಕಲಿಯುವವರು ಸ್ಟೀರಿಂಗ್ ಹಿಡಿದು ದೇವರನ್ನು ನೆನೆಯುತ್ತಿದ್ದರೆ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ಅವರ ಕಾಲಡಿಯಲ್ಲಿ ಅವರದೇ ಆದ ಇನ್ನೊಂದು ಬ್ರೇಕ್ ಪೆಡಲ್. ಊರಿನ ಅರ್ಧ ಜನ ಕಾರು ಕಲಿತಾಗ ಉಳಿದ ಅರ್ಧ ಜನ ಬದುಕುಳಿದಿದ್ದಾರೆಂದರೆ ಅದು ಆ ಕಾಲಿನ ಕೃಪೆ.

ಇಂಥ ಮಹಾಪುರುಷನ ಕಾಲಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಸಿನಿಮಾದಲ್ಲಿ ಕಾರು ಕಾರನ್ನು ಅಟ್ಟಿಸಿಕೊಂಡು ಹೋಗುವಾಗ ಮೇಷ್ಟ್ರು ಮುಂದಿನ ಸೀಟನ್ನು ಒದೆಯುತ್ತಿದ್ದರು. ಅಲ್ಲಿ ಕೂತವನು ಎದ್ದು ನಿಂತು ತಿರುಗಿ ನೋಡಿದರೆ, "ಸಾರಿ, ಟ್ರಕ್ ಬಂತು," ಎನ್ನುತ್ತಿದ್ದರು. ಚಪ್ಪಲಿ ರಿಪೇರಿಯವನಿಗಂತೂ ಅವರೊಂದು ಒಗಟು. "ಬಲಗಾಲಿಂದು ತೂತು ಬಿದ್ದಿದೆ, ಎಡಗಾಲಿಂದು ಅಂಗಡೀಲಿದ್ದ ಹಾಗೇ ಇದೆ. ನೀವೇನು ಕುಂಟಾಬಿಲ್ಲೆ ಆಡ್ಕೊಂಡು ಬರ್ತೀರಾ ಮೇಷ್ಟ್ರೇ?" ಎಂದು ಕೇಳುತ್ತಿದ್ದ.

ಹೀಗಿರುವಾಗ ಊರಿಗೆ ಭವಿಷ್ಯಕಾಲ ಬಂತು. ಅದು ಬಿಳೀ ಬಣ್ಣದ್ದಾಗಿತ್ತು, ನೆತ್ತಿಯ ಮೇಲೆ ಗಿರಗಿರ ತಿರುಗುವ ಡಬ್ಬಿಯೊಂದನ್ನು ಹೊತ್ತಿತ್ತು, ಮತ್ತು ಅದಕ್ಕೆ ಡ್ರೈವರ್ ಇರಲಿಲ್ಲ. ಫೋನಿನಲ್ಲಿ ಕರೆದರೆ ತಾನೇ ಮನೆ ಬಾಗಿಲಿಗೆ ಬರುವ ಟ್ಯಾಕ್ಸಿ. ಕುಡಿಯುವುದಿಲ್ಲ, ಬೈಯುವುದಿಲ್ಲ, ಚಿಲ್ಲರೆ ಇಲ್ಲ ಎನ್ನುವುದಿಲ್ಲ. ಮೇಷ್ಟ್ರ ಕೊನೆಯ ವಿದ್ಯಾರ್ಥಿನಿ, ರಿವರ್ಸ್ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನರ್ಸಮ್ಮ, ಒಂದು ದಿನ ಬಂದು, "ಕಾರೇ ಕಲಿತುಬಿಟ್ಟಿದೆಯಲ್ಲ ಮೇಷ್ಟ್ರೇ, ಇನ್ನು ನಾನ್ಯಾಕೆ ಕಲೀಲಿ?" ಎಂದಳು. ಊರಿನ ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯ ತೀರ್ಮಾನವೇ. ಶಾಲೆ ಮುಚ್ಚಿತು. ಎರಡು ಬ್ರೇಕಿನ ಹಳೇ ಕಾರು ಹಿತ್ತಲು ಸೇರಿತು. ಅದರ ಬಾನೆಟ್ ಮೇಲೆ ಬೆಕ್ಕು ಸಂಸಾರ ಹೂಡಿತು.

ಆದರೆ ಭವಿಷ್ಯಕಾಲಕ್ಕೂ ಒಂದು ಕೊರತೆ ಕಾಡಿತು. ಖಾಲಿ ಕಾರು ತಾನೇ ಬಂದು ಬಾಗಿಲು ತೆರೆದು "ದಯವಿಟ್ಟು ಹತ್ತಿ" ಎಂದರೆ ಜನ ಹತ್ತುವ ಬದಲು ಮನೆಯೊಳಗೆ ಓಡುತ್ತಿದ್ದರು. ಯಂತ್ರದ ಮೇಲೆ ನಂಬಿಕೆ ಬರಬೇಕಾದರೆ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು ಎಂಬ ಮಹಾಸತ್ಯವನ್ನು ಕಂಪನಿ ದುಬಾರಿ ಸಂಶೋಧನೆ ಮಾಡಿ ಕಂಡುಹಿಡಿಯಿತು. 'ಭರವಸೆ ಅಧಿಕಾರಿ' ಎಂಬ ಹುದ್ದೆ ಹುಟ್ಟಿತು. ಕೆಲಸ: ಮುಂದಿನ ಸೀಟಿನಲ್ಲಿ ಕೂರುವುದು, ಮುಗುಳ್ನಗುವುದು, ಏನನ್ನೂ ಮುಟ್ಟದಿರುವುದು. ಅರ್ಹತೆ: ನರೆಗೂದಲು.

"ಸುಮ್ನೆ ಕೂರೋದು ಒಂದು ಕೆಲಸವಾ?" ಎಂದು ಮೇಷ್ಟ್ರು ಕೆರಳಿದರು.

"ಮನೇಲಿ ಪುಕ್ಕಟೆ ಮಾಡ್ತಿದ್ದೀರಲ್ಲ, ಅಲ್ಲಿ ಸಂಬಳ ಕೊಡ್ತಾರೆ," ಎಂದರು ಅವರ ಹೆಂಡತಿ. "ಜೊತೆಗೆ ಆಸ್ಪತ್ರೆ ಕಾರ್ಡು. ಮನೆಯವರಿಗೂ ಆಗುತ್ತಂತೆ."

ಆ ಮಾತಿಗೆ ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ನರೆಗೂದಲು ನೋಡಿಕೊಂಡರು. ಹೆಂಡತಿಯ ಮಂಡಿ ಸವೆದು ಹೋಗಿತ್ತು. ಮಹಡಿ ಮೆಟ್ಟಿಲನ್ನು ಆಕೆ ಅಡ್ಡಡ್ಡ ಇಳಿಯುತ್ತಿದ್ದರು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ, ಗೋಡೆಗೆ ಅಂಗೈ ಒತ್ತಿಕೊಂಡು. ಸುಣ್ಣದ ಗೋಡೆಯ ಮೇಲೆ ಆ ಅಂಗೈ ಎಳೆದ ಕಪ್ಪು ಗೆರೆ ಮೇಲಿನಿಂದ ಕೆಳಗಿನವರೆಗೂ ಇಳಿದಿತ್ತು. ಹೊಸ ಮಂಡಿ ಹಾಕಿಸಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಬಹಳ ಕಾಲವಾಗಿತ್ತು. ಕಾರ್ಡಿಲ್ಲದೆ ಅದು ಆಗುವ ಮಾತಲ್ಲ. ಕಾರ್ಡು ಕೈಗೆ ಬರುವುದು ಕೆಲಸದ ಮೊದಲ ತಿಂಗಳು, ಅಂದರೆ ಪರೀಕ್ಷೆಯ ತಿಂಗಳು, ತಕರಾರಿಲ್ಲದೆ ಮುಗಿದರೆ ಮಾತ್ರ.

ಹಾಗೆ ಮೇಷ್ಟ್ರು ಶತ್ರುವಿನ ರಥವೇರಿದರು. ಕಂಪನಿಯವರು ಅವರ ಕೈಗೆ ಒಂದು ಪಟ್ಟಿ ಕಟ್ಟಿದರು. ಅದು ಅವರ ಎದೆಬಡಿತವನ್ನು ಕಾರಿಗೂ, ಕಾರಿನ ಪರದೆಯೊಳಗಿದ್ದ ಕಂಪನಿ ಡಾಕ್ಟರಿಗೂ ಚಾಡಿ ಹೇಳುತ್ತಿತ್ತು.

ದುರಂತವೆಂದರೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಮೇಷ್ಟ್ರಿಗಿಂತ ಚೆನ್ನಾಗಿ. ನಿಲ್ಲಬೇಕಾದಲ್ಲಿ ಬೆಣ್ಣೆಯಂತೆ ನಿಲ್ಲುತ್ತಿತ್ತು. ಆದರೆ ನಿಲ್ಲುವುದಕ್ಕೆ ಒಂದು ಕ್ಷಣ ಮುಂಚೆ ಮೇಷ್ಟ್ರ ಬಲಗಾಲು ಬರೀ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಪೆಡಲ್ ಇಲ್ಲ ಎಂದು ಕಾಲಿಗೆ ಗೊತ್ತಾದ ಕೂಡಲೇ ಎದೆ ಡೋಲು ಬಾರಿಸುತ್ತಿತ್ತು. ತಕ್ಷಣ ಪರದೆಯಲ್ಲಿ ಡಾಕ್ಟರು ಪ್ರತ್ಯಕ್ಷ.

"ಏನಾಗ್ತಿದೆ ಅಂಕಲ್? ಎದೇಲಿ ಏನಾದ್ರೂ ಇದೆಯಾ?"

"ಎದೇಲಿ ಏನಿಲ್ಲ ಡಾಕ್ಟ್ರೇ, ಎದುರಿಗೆ ಬಸ್ಸಿದೆ."

"ಬಸ್ಸಿಗೆ ಮಾತ್ರೆ ಇಲ್ಲ," ಎಂದು ಡಾಕ್ಟರು ಮಾಯ. ಅವರಿಗೆ ಇನ್ನೂ ಹತ್ತಾರು ಕಾರುಗಳಲ್ಲಿ ದರ್ಶನ ಕೊಡುವುದಿತ್ತು.

ತಿಂಗಳು ಹೇಗೋ ತೆವಳಿ ಕೊನೆಯ ವಾರಕ್ಕೆ ಬಂತು. ಆಗ ಹತ್ತಿದವನು ಬಟ್ಟೆ ಅಂಗಡಿ ಸಾಹುಕಾರ. ಮೇಷ್ಟ್ರ ಹಳೇ ಶಿಷ್ಯ, ದಢೂತಿ ಆಸಾಮಿ. ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು ಪರೀಕ್ಷೆ ಮಾಡುವ ಅಧಿಕಾರಿಯ ಕಾಲಿನ ಮೇಲೇ ಚಕ್ರ ಹತ್ತಿಸಿದ್ದವನು.

"ಮೇಷ್ಟ್ರೇ, ನೀವಿದ್ದೀರಾ? ಸದ್ಯ. ರೈಲಿಗೆ ಹೊತ್ತಾಯ್ತು, ಸ್ವಲ್ಪ ಜೋರಾಗಿ ಹೋಗೋಕೆ ಹೇಳಿ ಇದಕ್ಕೆ."

"ಇದು ನನ್ನ ಮಾತು ಕೇಳಲ್ಲಪ್ಪ."

"ನಾನೂ ಕೇಳ್ತಿರಲಿಲ್ಲ, ಆದ್ರೂ ಹೇಳ್ತಿದ್ರಿ."

ಅಷ್ಟರಲ್ಲಿ ಓಣಿಯಿಂದ ಸಿಮೆಂಟಿನ ಲಾರಿಯೊಂದು ಹಿಂದೆ ಮುಂದೆ ನೋಡದೆ ಹಿಂದಕ್ಕೆ ನುಗ್ಗಿತು. ಕಾರು ಗೀಟು ಎಳೆದ ಹಾಗೆ ನಿಂತಿತು. ಮೇಷ್ಟ್ರ ಎದೆ ಮಾತ್ರ ನಿಲ್ಲಲಿಲ್ಲ, ಓಡಿತು. ಪಟ್ಟಿ ಕಿರುಚಿತು. ಕಾರಿನ ಹೆಣ್ಣುದನಿ ಜೇನು ಸುರಿಸುತ್ತಾ, "ಗಾಬರಿಯಾಗಬೇಡಿ. ನಿಮಗೆ ಹೃದಯಾಘಾತವಾಗುತ್ತಿದೆ. ಆಸ್ಪತ್ರೆಗೆ ಹೊರಟಿದ್ದೇವೆ," ಎಂದಿತು. ಬಾಗಿಲುಗಳಿಗೆ ಟಪ್ಪೆಂದು ಬೀಗ ಬಿತ್ತು. ಕಾರು ಕೆಂಪು ದೀಪ ಮಿನುಗಿಸುತ್ತಾ ಕಿತ್ತುಕೊಂಡು ಹೊರಟಿತು.

ಕಾರು ಓಡಿದಷ್ಟೂ ಮೇಷ್ಟ್ರ ಎದೆ ಓಡಿತು. ಎದೆ ಓಡಿದಷ್ಟೂ ಕಾರಿಗೆ ಅವಸರ ಹೆಚ್ಚಿತು. ಪರದೆಯಲ್ಲಿ ಡಾಕ್ಟರು ಬಂದು, "ಸಮಾಧಾನ ಮಾಡ್ಕೊಳ್ಳಿ ಅಂಕಲ್," ಎಂದರು.

"ಕಾರು ನಿಧಾನ ಮಾಡಿಸಿ, ಸಮಾಧಾನ ಆಗ್ತೀನಿ."

"ನೀವು ಸಮಾಧಾನ ಆದ್ರೆ ಕಾರು ತಾನೇ ನಿಧಾನ ಆಗುತ್ತೆ."

"ನನ್ನ ರೈಲು," ಎಂದ ಸಾಹುಕಾರ ಹಿಂದಿನ ಸೀಟಿನಿಂದ.

ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ಕಾದಿದ್ದವರು ಇಬ್ಬರನ್ನೂ ನೋಡಿದರು. ಒಬ್ಬ ಒಣಕಲು, ಇನ್ನೊಬ್ಬ ಬೆವರಿ ತೊಪ್ಪೆಯಾಗಿ ಏದುಸಿರು ಬಿಡುತ್ತಿದ್ದ ದಢೂತಿ. ಅನುಭವಸ್ಥರು ತಡಮಾಡದೆ ಸಾಹುಕಾರನನ್ನು ಎತ್ತಿ ಮಲಗಿಸಿಕೊಂಡು ಓಡಿದರು. ಅವನ ತಪಾಸಣೆ ಮುಗಿದು, ತಪ್ಪು ತಿಳಿದು, ಮೇಷ್ಟ್ರ ಸರದಿ ಬರುವ ಹೊತ್ತಿಗೆ ರೈಲು ಮೂರು ಊರು ದಾಟಿತ್ತು. ಮೇಷ್ಟ್ರ ಹೃದಯ ಕಲ್ಲುಗುಂಡಿನ ಹಾಗಿತ್ತು. ಬಲಗಾಲ ಮೀನಖಂಡ ಮಾತ್ರ ಪೈಲ್ವಾನನದು ಎಂದು ವರದಿ ಬಂತು.

ಮರುದಿನ ಕಂಪನಿಯ ಮ್ಯಾನೇಜರ್ ಹುಡುಗಿ ಕರೆಸಿದಳು. ಕೆಲಸ ಹೋಯಿತು, ಕಾರ್ಡು ಹೋಯಿತು, ಮಂಡಿಯೂ ಹೋಯಿತು ಎಂದು ಮೇಷ್ಟ್ರು ಬಾಗಿಲ ಹೊರಗೇ ಬೆಂಚು ಹಿಡಿದು ಕೂತುಬಿಟ್ಟರು. ಒಳಗೆ ಹೋದವರು ಜೊತೆಗೆ ಬಂದಿದ್ದ ಹೆಂಡತಿ, ಬಾಗಿಲಿಂದ ಮೇಜಿನವರೆಗೆ ಕುರ್ಚಿಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಾ.

"ಅವರಿಗೆ ಕಾಲಡಿ ಒಂದು ಪೆಡಲ್ ಹಾಕಿಸಿಕೊಡಮ್ಮ," ಎಂದರು.

"ಆಂಟಿ, ಕಾರಿನ ಬ್ರೇಕು ಮನುಷ್ಯರ ಕೈಗೆ ಕೊಡೋ ಹಾಗೇ ಇಲ್ಲ."

"ಬ್ರೇಕ್ ಯಾರು ಕೇಳಿದ್ರು? ಪೆಡಲ್ ಸಾಕು. ಯಾವುದಕ್ಕೂ ಜೋಡಿಸಬೇಡಿ."

ಹುಡುಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅಂಕಲ್‌ಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಅವರು ದಡ್ಡರಲ್ಲ. ಅವರ ಕಾಲಿಗೆ ಗೊತ್ತಾಗಲ್ಲ."

ಪರೀಕ್ಷೆಗೆ ಇನ್ನೊಂದು ವಾರದ ಅವಕಾಶ ಸಿಕ್ಕಿತು. ಮೊದಲ ದಿನ ಕಾರಿನ ಬಾಗಿಲು ತೆರೆದ ಮೇಷ್ಟ್ರು ಬೆಪ್ಪಾದರು. ನೆಲಕ್ಕೆ ಬೋಲ್ಟ್ ಹಾಕಿ, ಸ್ಪ್ರಿಂಗ್ ಕೂರಿಸಿ ನಿಲ್ಲಿಸಿದ್ದು ಅವರದೇ ಪೆಡಲ್, ಹಿತ್ತಲ ಕಾರಿನದು. ಅದರ ರಬ್ಬರಿನ ಮೇಲೆ ಅವರ ಹೆಬ್ಬೆರಳು ಕೊರೆದ ಗುಳಿ ಹಾಗೇ ಇತ್ತು. ಬಗ್ಗಿ ಹಿಂದೆ ಕೈಯಾಡಿಸಿದರು. ತಂತಿಯಿಲ್ಲ, ಸರಳಿಲ್ಲ. ಎದ್ದು ನಿಂತು ಸುತ್ತ ನೋಡಿದರು. ಕೂತು ಬೆಲ್ಟ್ ಹಾಕಿಕೊಂಡರು.

ಆ ವಾರ ಪಟ್ಟಿ ತುಟಿ ಬಿಚ್ಚಲಿಲ್ಲ. ಕಾರು ನಿಲ್ಲುವಾಗ ಮೇಷ್ಟ್ರು ಒತ್ತುತ್ತಿದ್ದರು, ಮೇಷ್ಟ್ರು ಒತ್ತಿದಾಗ ಕಾರು ನಿಲ್ಲುತ್ತಿತ್ತು. ಯಾರಿಂದ ಯಾರು ಎಂಬ ಜಿಜ್ಞಾಸೆ ವೇದಾಂತಿಗಳಿಗಿರಲಿ. ಜನ ಫೋನಿನಲ್ಲಿ "ಪೆಡಲ್ ಇರೋ ಕಾರೇ ಕಳಿಸಿ" ಎನ್ನತೊಡಗಿದರು. ಕಂಪನಿ ಎಲ್ಲ ಕಾರುಗಳಿಗೂ ಅಂಥದ್ದೊಂದನ್ನು ಹಾಕಿಸಿ, 'ನಿಮ್ಮ ಸುರಕ್ಷತೆ ನಿಮ್ಮ ಕಾಲಡಿಯಲ್ಲಿ' ಎಂದು ಫಲಕ ಏರಿಸಿತು. ವಿಜ್ಞಾನ ಹೀಗೆ ಒಂದು ಸ್ಪ್ರಿಂಗಿನಷ್ಟು ಮುಂದೆ ಹೋಯಿತು.

ಕಾರ್ಡು ಬಂತು. ಮಂಡಿ ಕೊಯ್ಯುವುದು ಯಂತ್ರದ ತೋಳು, ತಾನು ದೂರ ಕೂತು ಅದನ್ನು ಆಡಿಸುವವನು ಮಾತ್ರ ಎಂದು ಎಳೆಯ ಸರ್ಜನ್ ವಿವರಿಸಿದ.

"ಅದಕ್ಕೆ ಬ್ರೇಕ್ ಎಲ್ಲಿದೆ?" ಎಂದರು ಮೇಷ್ಟ್ರು.

"ನನ್ನ ಕಾಲಡಿ ಒಂದು ಪೆಡಲ್ ಇದೆ, ಸರ್."

"ಜೋಡಿಸಿದ್ದಾರಾ? ಬಗ್ಗಿ ನೋಡಿದ್ದೀರಾ?"

ಸರ್ಜನ್ ನಕ್ಕ. ಆದರೆ ಒಳಗೆ ಹೋದ ಮೇಲೆ ಅವನು ಬಗ್ಗಿ ನೋಡಿದನೆಂದು ಅಲ್ಲೇ ಕೆಲಸಕ್ಕಿದ್ದ ನರ್ಸಮ್ಮ ಆಮೇಲೆ ಹೇಳಿದಳು. ಆ ಹೊತ್ತೆಲ್ಲ ಮೇಷ್ಟ್ರು ಹೊರಗಿನ ಬೆಂಚಿನಲ್ಲಿ ಕೂತು ಆಸ್ಪತ್ರೆಯ ನೆಲವನ್ನು ಒತ್ತಿ ಹಿಡಿದಿದ್ದರು.

ಹೆಂಡತಿಯನ್ನು ಮನೆಗೆ ಕರೆತಂದದ್ದು ಅದೇ ಬಿಳೀ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಹೊಸ ಮಂಡಿ ಚಾಚಿಕೊಂಡು ಆಕೆ, ಮುಂದೆ ಮೇಷ್ಟ್ರು.

"ಈ ಪೆಡಲ್ ಯಾವುದಕ್ಕೂ ಜೋಡಿಸಿಲ್ಲ. ಗೊತ್ತಾ ನಿನಗೆ?" ಎಂದರು ಮೇಷ್ಟ್ರು, ಬಹಳ ದಿನ ಬಚ್ಚಿಟ್ಟಿದ್ದ ಗುಟ್ಟು ಹೇಳುವವರಂತೆ.

"ಗೊತ್ತು ರೀ. ಮನೇಲೂ ಮದುವೆಯಾದಾಗಿಂದ ನಿಮಗೆ ಅಂಥದ್ದೇ ಒಂದು ಕೊಟ್ಟಿದ್ದೀನಲ್ಲ."

ಮೇಷ್ಟ್ರು ಹಿಂದಕ್ಕೆ ತಿರುಗುವಷ್ಟರಲ್ಲಿ ಎದುರಿಗೆ ಬಸ್ಸೊಂದು ಅಡ್ಡ ಬಂತು. ಪೆಡಲ್ ಒತ್ತಿದರು. ಕಾರು ಬೆಣ್ಣೆಯಂತೆ ನಿಂತಿತು.

"ನೋಡಿದ್ಯಾ?" ಎಂದರು.