ದಬ್ಬಿನ ಬಿಲದ ಮುಂದೆ ಅಮ್ಮ

ನನಗೆ ಹಾವು ಹಲ್ಲಿಗಳ ಹುಚ್ಚು ಹಿಡಿದದ್ದು ದುಬೈಯ ಜೆಬೆಲ್ ಅಲಿಯ ಗೋದಾಮಿನಲ್ಲಿ, ಅದೂ ಡ್ಯೂಟಿಯ ಹೊತ್ತಿನಲ್ಲಿ. ಟೈಲ್ಸ್ ಪೇರಿಸಿದ್ದ ಪ್ಯಾಲೆಟ್ ಒಂದನ್ನು ಫೋರ್ಕ್‌ಲಿಫ್ಟ್ ಎತ್ತಿದಾಗ ಅದರಡಿಯಲ್ಲಿ ಗೇಣುದ್ದದ ಒಂದು ಹಾವು ಸುತ್ತಿಕೊಂಡು ಮಲಗಿತ್ತು. ಹತ್ತು ಜನ ಹತ್ತು ದಿಕ್ಕಿಗೆ ಓಡಿದರು. ಸೆಕ್ಯುರಿಟಿಯವನು ಕಬ್ಬಿಣದ ಸರಳು ಹಿಡಿದುಕೊಂಡು ಬಂದ. ನಾನು ಉಡುಪಿ ಕಡೆಯವನು. ನಾಗರಹಾವು ಸತ್ತು ಬಿದ್ದದ್ದು ಕಂಡರೆ ಮನುಷ್ಯರಿಗೆ ಮಾಡುವ ಹಾಗೆಯೇ ಸಂಸ್ಕಾರ ಮಾಡಿಸುವ ಊರಿನವನು. ಕಣ್ಣೆದುರು ಹಾವು ಸಾಯುವುದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದ ಆಗುವ ಮಾತಲ್ಲ. "ಒಂದು ನಿಮಿಷ ನಿಲ್ಲು ಮಾರಾಯ" ಎಂದು ಅವನನ್ನು ತಡೆದು, ನೆಲ ಒರೆಸುವ ಬಕೆಟಿಗೆ ಅದನ್ನು ಪೊರಕೆಯಿಂದ ನೂಕಿ, ಬೇಲಿಯಾಚೆಯ ಮರಳಿಗೆ ಬಿಟ್ಟೆ. ಬಿಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ಕಣ್ಣುಗಳು ತಲೆಯ ಬದಿಯಲ್ಲಿರುವುದು ಬಿಟ್ಟು ನೆತ್ತಿಯ ಮೇಲಿದ್ದವು. ನಮ್ಮೂರಿನ ಮಣ್ಣುಮುಕ್ಕ ಹಾವಿನ ದಾಯಾದಿ ಎಂದು ಆಮೇಲೆ ತಿಳಿಯಿತು. ಅಂಥ ಪೆದ್ದು ಮುಖದ ಹಾವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಆ ಫೋಟೊ ತೋರಿಸಿದೆ. ಅವಳು ನಕ್ಕಳು. ನನಗೆ ಅದು ನೆನಪಿದೆ, ಏಕೆಂದರೆ ಆ ದಿನಗಳಲ್ಲಿ ಅವಳು ನಗುವುದು ಅಪರೂಪವಾಗಿತ್ತು. ನಮಗೆ ಮಕ್ಕಳಾಗಿರಲಿಲ್ಲ. ಐದು ವರ್ಷ ಆಸ್ಪತ್ರೆಗೆ ಅಲೆದು, ಚುಚ್ಚಿಸಿಕೊಂಡು, ಕಾದು, ಕೊನೆಗೆ ಸಾಕು ಎಂದು ಬಿಟ್ಟಿದ್ದೆವು. ಬಿಟ್ಟ ಮೇಲೆ ಮಾತಾಡಲು ಏನೂ ಉಳಿದಿರಲಿಲ್ಲ. ಶುಕ್ರವಾರದ ರಜೆ ಬಂತೆಂದರೆ ಇಬ್ಬರೂ ಕರಾಮಾದ ಫ್ಲಾಟಿನಲ್ಲಿ ಟಿವಿ ಹಾಕಿಕೊಂಡು ಕೂರುತ್ತಿದ್ದೆವು. ನೋಡುತ್ತಿದ್ದವರು ಯಾರೂ ಇರಲಿಲ್ಲ.

ಮುಂದಿನ ಶುಕ್ರವಾರ ನಾನು ಹಾವು ಹಲ್ಲಿ ಹುಡುಕಿಕೊಂಡು ಮರಳುಗಾಡಿಗೆ ಹೋದೆ. ಅದರ ಮುಂದಿನ ಶುಕ್ರವಾರ ಅವಳೂ ಹೊರಟಳು. ಗಾಡಿ ನಮ್ಮದಲ್ಲ, ಭಟ್ಕಳದ ಸ್ನೇಹಿತನದು. ಅವನದು ಬಟ್ಟೆಯ ವ್ಯಾಪಾರ. ಮರಳಿನಲ್ಲಿ ಗಾಡಿ ಓಡಿಸುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಬೆಳಗಿನ ನಮಾಜು ಮುಗಿಸಿ ನಮ್ಮನ್ನು ಹತ್ತಿಸಿಕೊಂಡರೆ, ಮಧ್ಯಾಹ್ನದ ಜುಮ್ಮಾ ನಮಾಜಿನ ಹೊತ್ತಿಗೆ ವಾಪಸು ತಲುಪಲೇಬೇಕು. "ಹಲ್ಲಿ ಸಿಗಲಿ, ಸಿಗದೇ ಇರಲಿ, ಹನ್ನೊಂದಕ್ಕೆ ಯಲ್ಲಾ, ಹೊರಡುವುದೇ" ಎಂದು ಮೊದಲೇ ಹೇಳಿಬಿಡುತ್ತಿದ್ದ.

ಹುಡುಕುವುದರಲ್ಲಿ ನನ್ನ ಹೆಂಡತಿಯದೇ ಮೇಲುಗೈ. ನಾನು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ದೂರ ನೋಡುತ್ತಿದ್ದರೆ, ಅವಳು ನನ್ನ ಬೂಟಿನ ಪಕ್ಕದಲ್ಲೇ ಇರುವುದನ್ನು ತೋರಿಸುತ್ತಿದ್ದಳು. "ಮಾರಾಯ್ರೇ, ಇನ್ನೊಂದು ಹೆಜ್ಜೆ ಇಟ್ರೆ ಅದ್ರ ಬಾಲ ನಿಮ್ಮ ಕಾಲಡಿ." ಬಾಲದ ತುದಿಯನ್ನು ಸುರುಳಿ ಮಾಡಿ ಆಡಿಸುವ ಪುಟ್ಟ ಓತಿಗಳು, ಅಟ್ಟಿಸಿಕೊಂಡು ಹೋದರೆ ಮರಳಿನೊಳಗೆ ಮುಳುಗಿ ಈಜಿ ಹೋಗುವ ಹಾವುರಾಣಿ, ಒಮ್ಮೆ ಉಡ, ಒಮ್ಮೆ ಕೊಂಬಿನ ಹಾವು. ಸಿಕ್ಕಿದ್ದರ ಬಗ್ಗೆ ವಾರವಿಡೀ ಮಾತಾಡುತ್ತಿದ್ದೆವು. ಸಿಗದೇ ಹೋದದ್ದರ ಬಗ್ಗೆ ಇನ್ನೂ ಹೆಚ್ಚು.

ಸಿಗದೇ ಹೋದದ್ದು ದಬ್. ಇಲ್ಲಿನವರು ಹಾಗೆ ಕರೆಯುತ್ತಾರೆ. ಒಂದು ಮೊಳಕ್ಕಿಂತ ಉದ್ದದ, ದಪ್ಪ ಹೊಟ್ಟೆಯ, ಮುಳ್ಳುಬಾಲದ ಹಲ್ಲಿ. ಗಟ್ಟಿ ನೆಲದಲ್ಲಿ ಬಿಲ ತೋಡಿಕೊಂಡು, ಬೆಳಗ್ಗೆ ಬಾಗಿಲಲ್ಲಿ ಬಿಸಿಲು ಕಾಯಿಸುತ್ತದೆ, ಸೊಪ್ಪುಸದೆ ತಿನ್ನುತ್ತದೆ. ಯಾರ ತಂಟೆಗೂ ಬರುವುದಿಲ್ಲ. ಆದರೆ ನೂರು ಹೆಜ್ಜೆ ದೂರದಲ್ಲಿ ನಾವು ಗಾಡಿ ಇಳಿದರೆ ಸಾಕು, ಬಿಲದೊಳಗೆ ಹೋಗಿಯಾಯಿತು. "ನಿನ್ನ ಬೂಟಿನ ಸದ್ದು ಅದಕ್ಕೆ ನೆಲದಿಂದ ಗೊತ್ತಾಗ್ತದೆ ಭಾಯ್, ನೀನು ನಡೆಯುವುದು ಕಂಟೇನರ್ ಇಳಿಸಿದ ಹಾಗೆ" ಎಂದು ಭಟ್ಕಳದವನು ಹೇಳುತ್ತಿದ್ದ. ಎರಡು ವರ್ಷದಲ್ಲಿ ನನ್ನ ಬಳಿ ಇದ್ದದ್ದು ಹನ್ನೊಂದು ಬಾಲದ ಫೋಟೊ ಮಾತ್ರ. ಮುಖ ಒಂದೂ ಇಲ್ಲ.

ಈ ನಡುವೆ ಒಂದು ತಪ್ಪು ಮಾಡಿದೆ. ಕೊಂಬಿನ ಹಾವಿನ ಫೋಟೊ ಬಹಳ ಚೆನ್ನಾಗಿ ಬಂದಿತ್ತೆಂದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಊರಿನಲ್ಲಿ ಅಮ್ಮ ಅದನ್ನು ನೋಡಿದಳು. ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡಿಸಿದಳು. ಕವಡೆ ಹಾಕಿದವರು ನಾಗನ ಅಸಮಾಧಾನ ಉಂಟು ಎಂದರು. ನಮಗೆ ಮಕ್ಕಳಾಗದಿರುವುದಕ್ಕೂ ನನ್ನ ಕ್ಯಾಮೆರಾಕ್ಕೂ ಅಮ್ಮನ ಮನಸ್ಸಿನಲ್ಲಿ ಗಂಟು ಬಿತ್ತು. ನಾವು ಆಸ್ಪತ್ರೆಗೆ ಹೋಗಲು ಶುರುಮಾಡಿದಾಗ ಮನೆಯಲ್ಲಿ ಕ್ಯಾಮೆರಾವೇ ಇರಲಿಲ್ಲ ಎಂದು ಹೇಳಿದೆ. ಲೆಕ್ಕ ಹಾಗೆಲ್ಲ ನೋಡುವುದಲ್ಲ ಎಂದಳು.

ಆ ಮಾರ್ಚಿನಲ್ಲಿ ವಿಸಿಟ್ ವೀಸಾದ ಮೇಲೆ ಅಮ್ಮ ಬಂದಳು. ಚೀಲದ ತುಂಬ ಹಪ್ಪಳ, ಉಪ್ಪಿನಕಾಯಿ, ನಾಗಬನದ ಅರಿಶಿನದ ಪ್ರಸಾದ. ಮೊದಲ ದಿನ ಊಟವಾದ ಮೇಲೆ ಎದುರು ಕೂರಿಸಿಕೊಂಡು ಕೈ ಚಾಚಿದಳು.

"ಇನ್ನು ಆ ಜೀವಗಳ ಹತ್ರ ಹೋಗುದಿಲ್ಲ ಅಂತ ಕೈ ಹಾಕು ಮಗಾ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಹೆದರಿಕೆಯಾಯಿತು. ಅಮ್ಮನ ಕೈ ಮುಟ್ಟಿ ಹೇಳಿದ ಮೇಲೆ ನಾನು ಮೀರುವವನಲ್ಲ. ಮೀರದಿದ್ದರೆ ಮತ್ತೆ ಅದೇ ಟಿವಿ, ಅದೇ ಶುಕ್ರವಾರ. 

"ಒಂದು ಸಲ ನಮ್ಮ ಜತೆ ಬಂದು ನೋಡಿ. ಆಮೇಲೆ ನೀವು ಹೇಳಿದ ಹಾಗೆ" ಎಂದೆ.

"ನೋಡುದಕ್ಕೇನು, ನೋಡ್ತೇನೆ. ಮನಸ್ಸು ಬದಲಾಗ್ತದೆ ಅಂತ ಮಾತ್ರ ಎಣಿಸಬೇಡ."

ಆ ಶುಕ್ರವಾರ ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಅವಳು ಹೇಳಿದಳೆಂದು ಬರ್ ದುಬೈಯಿಂದ ನಾನು ಹಿಂದಿನ ದಿನ ತಂದಿದ್ದ ಹಳದಿ ಸೇವಂತಿಗೆಯ ಪೊಟ್ಟಣ ಅವಳ ಮಡಿಲಲ್ಲಿತ್ತು. ಏಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಡಾಂಬರು ಮುಗಿದಲ್ಲಿ ಭಟ್ಕಳದವನು ಗಾಡಿ ನಿಲ್ಲಿಸಿ ಟೈರುಗಳ ಗಾಳಿ ಬಿಡತೊಡಗಿದ. ಸುಖವಾಗಿದ್ದ ಚಕ್ರದ ಗಾಳಿ ತೆಗೆಯುವ ಇಂಥ ಡ್ರೈವರ್ ತಾನು ನೋಡಿಲ್ಲ ಎಂದಳು ಅಮ್ಮ. "ಗಾಳಿ ಇದ್ದರೆ ಗಾಡಿ ಮರಳಲ್ಲಿ ಹೂತುಹೋಗ್ತದೆ ಅಮ್ಮಾ, ಆಮೇಲೆ ನೀವೇ ಇಳಿದು ನೂಕಬೇಕು" ಎಂದ ಅವನು. ಅದು ಅವಳಿಗೆ ತಲೆಯಲ್ಲಿ ಉಳಿಯಿತು. ಮುಂದೆ ಪ್ರತಿ ದಿಬ್ಬಕ್ಕೂ ಹೂತುಹೋಗ್ತದಾ ಎಂದು ಕೇಳುತ್ತ ಬಂದಳು.

ದಿಬ್ಬಗಳು ಕಳೆದು ಗಟ್ಟಿನೆಲದ ಬಯಲು ಬಂತು. ಅಲ್ಲಿ ಒಂದೇ ಒಂದು ಘಾಫ್, ಅಂದರೆ ಬನ್ನಿ ಮರ. ನಮಗೆ ಪರಿಚಯದ ಮರ. ಅದರ ಬುಡದಿಂದ ನಾಲ್ಕು ಮಾರು ಈಚೆ ಒಂದು ದಬ್ಬಿನ ಬಿಲ, ಬಿಲದ ಬಾಯಲ್ಲಿ ತೋಡಿಹಾಕಿದ ಮಣ್ಣಿನ ದಿಣ್ಣೆ. ಹನ್ನೊಂದು ಬಾಲಗಳಲ್ಲಿ ಆರು ಅಲ್ಲಿಯವೇ. ದೂರದಲ್ಲಿ ಗಾಡಿ ನಿಂತಿತು. ನಾವು ಇಳಿಯುವಷ್ಟರಲ್ಲಿ ಏಳನೆಯ ಬಾಲವೂ ಒಳಗೆ ಹೋಯಿತು. ಅಮ್ಮ ಅದನ್ನು ನೋಡಲಿಲ್ಲ. ಅವಳು ನೋಡಿದ್ದು ಬಯಲಿನಲ್ಲಿ ಒಂಟಿಯಾಗಿ ನಿಂತ ಒಂದು ಮರ, ಮರದ ಕೆಳಗೆ ಮಣ್ಣು, ಮಣ್ಣಿನಲ್ಲಿ ಒಂದು ತೂತು.

"ಬನ ಉಂಟಲ್ಲ ಇಲ್ಲಿ. ಹುತ್ತವೂ ಉಂಟು. ಹೇಳಲೇ ಇಲ್ಲ ನೀನು" ಎಂದಳು. ಅಲ್ಲೇ ಚಪ್ಪಲಿ ಬಿಟ್ಟಳು. "ಎಲ್ಲರೂ ಬಿಡಿ. ನಾಗನ ಎದುರು ಬೂಟು ಹಾಕ್ಕೊಂಡು ನಿಲ್ಲುದಾ?"

ಅಮ್ಮಾ, ಅದು ನಾಗನಲ್ಲ, ಸೊಪ್ಪು ತಿನ್ನುವ ಹಲ್ಲಿಯ ಮನೆ ಎಂದು ಹೇಳಲು ಬಾಯಿ ತೆರೆದೆ. ಹೆಂಡತಿ ತೋಳು ಚಿವುಟಿದಳು. ಬೂಟು ಬಿಚ್ಚಿದೆ. ಭಟ್ಕಳದವನ ಕಡೆ ತಿರುಗಿ ಅಮ್ಮ ಸ್ವಲ್ಪ ತಡೆದಳು. "ನಿಮಗೆ ಬೇಡ ಬಿಡಿ, ಕಲ್ಲು ಚುಚ್ಚೀತು" ಎಂದಳು. "ಮಸೀದಿಗೆ ಹೋಗುವವನಿಗೆ ಚಪ್ಪಲಿ ಬಿಡುವುದು ಹೊಸತಾ ಅಮ್ಮಾ" ಎಂದು ಅವನೂ ಬಿಟ್ಟ.

ನಾಲ್ಕು ಜನ ಬರಿಗಾಲಿನಲ್ಲಿ, ಕಲ್ಲು ನೋಡಿ ನೋಡಿ ಕಾಲಿಡುತ್ತ, ಬಿಲದ ಹತ್ತಿರಕ್ಕೆ ಹೋದೆವು. ಹತ್ತಿರ ಎಂದರೆ ನಾನು ಅದುವರೆಗೆ ಹೋಗಿರದಷ್ಟು ಹತ್ತಿರ. ಅಮ್ಮ ಬಿಲದ ಬಾಯಲ್ಲಿ ಸೇವಂತಿಗೆ ಇಟ್ಟು, ಚಿಟಿಕೆ ಅರಿಶಿನ ಉದುರಿಸಿ, ಹಿಂದೆ ಬಂದು ನೆಲದ ಮೇಲೆ ಕೂತು ಕೈಮುಗಿದಳು. ನಮಗೂ ಕೂರುವಂತೆ ಸನ್ನೆ ಮಾಡಿದಳು. ಯಾರೂ ಸೊಲ್ಲೆತ್ತಬಾರದು ಎಂಬ ಸನ್ನೆಯೂ ಆಯಿತು. ಕೂತೆವು. ಎರಡು ವರ್ಷದಲ್ಲಿ ನಾನು ಓಡಿದ್ದೇನೆ, ಬಗ್ಗಿ ನಡೆದಿದ್ದೇನೆ, ಹೊಟ್ಟೆಯ ಮೇಲೆ ತೆವಳಿದ್ದೇನೆ. ಸುಮ್ಮನೆ ಕೂತು ನೋಡಿರಲಿಲ್ಲ.

ಅರ್ಧ ಗಂಟೆಯಾಗಿರಬೇಕು. ಅಮ್ಮನ ತುಟಿ ಅಲುಗುತ್ತಲೇ ಇತ್ತು. ಆಗ ಬಿಲದ ಕತ್ತಲಿನಿಂದ ಒಂದು ಮೊಂಡು ಮೂತಿ ಹೊರಗೆ ಬಂತು. ಮೂಗಿನ ಹೊಳ್ಳೆಗಳ ಸುತ್ತ ಉಪ್ಪು ಕಟ್ಟಿದ ಬಿಳಿ. ಆಮೇಲೆ ತಲೆ, ಸುಕ್ಕುಸುಕ್ಕು ಕುತ್ತಿಗೆ, ಎರಡು ಮುಂಗಾಲು. ಅದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನೋಡಿ, ಬಗ್ಗಿ, ಒಂದು ಸೇವಂತಿಗೆಯನ್ನು ಬಾಯಿಗೆ ಹಾಕಿಕೊಂಡು ಜಗಿಯತೊಡಗಿತು.

ಅಮ್ಮನ ಮುಗಿದ ಕೈ ಮುಗಿದಂತೆಯೇ ನಿಂತಿತು. ನಾನು ಉಸಿರು ಹಿಡಿದು ಕ್ಯಾಮೆರಾ ಎತ್ತಿದೆ. ಅದು ಎರಡನೆಯ ಹೂವಿಗೆ ಬಾಯಿ ಹಾಕಿತು. ಮೂರನೆಯದನ್ನೂ ಬಿಡಲಿಲ್ಲ. ಆಮೇಲೆ ಯಾವುದೇ ಗಡಿಬಿಡಿಯಿಲ್ಲದೆ ದಿಣ್ಣೆಯ ಮೇಲೆ ಮಲಗಿ ಬಿಸಿಲು ಕಾಯಿಸಿತು. ನಾವು ಎದ್ದಾಗಷ್ಟೇ ಒಳಗೆ ಹೋಯಿತು.

ಮರದ ನೆರಳಿನಲ್ಲಿ ಇಡ್ಲಿಯ ಡಬ್ಬಿ ಬಿಚ್ಚಿದೆವು. ಅಮ್ಮ ಬಿಲದ ಕಡೆಯೇ ನೋಡುತ್ತಿದ್ದಳು. ಕೊನೆಗೆ, "ಇಷ್ಟು ವರ್ಷ ನಾಗನಿಗೆ ಹೂ ಇಟ್ಟಿದ್ದೇನೆ. ತಿಂದದ್ದು ಇದೊಂದೇ" ಎಂದಳು.

ಭಟ್ಕಳದವನು ನಗು ತಡೆಯಲಾರದೆ ಚಹಾದ ಫ್ಲಾಸ್ಕ್ ಹುಡುಕುವ ನೆಪದಲ್ಲಿ ಗಾಡಿಯ ಕಡೆ ಹೋದ. ಅಮ್ಮನೂ ನಕ್ಕಳು. ನಕ್ಕದ್ದರಿಂದಲೇ ಇರಬೇಕು, ನನ್ನ ಹೆಂಡತಿಗೆ ಧೈರ್ಯ ಬಂತು.

"ಅತ್ತೆ, ಒಂದು ಮಾತು ಹೇಳ್ಲಾ? ಆಸ್ಪತ್ರೆ ಬಿಟ್ಟ ಮೇಲೆ ನಾವಿಬ್ರೂ ಮಾತಾಡುದೇ ಬಿಟ್ಟಿದ್ದೆವು. ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರ ಹಾಗೆ ಇದ್ದೆವು. ಇಲ್ಲಿಗೆ ಬರ್ಲಿಕ್ಕೆ ಶುರು ಮಾಡಿದ ಮೇಲೆ ಮಾತು ಬಂತು. ಮಗು ಆಗ್ಲಿಲ್ಲ ಅಂತ ನನಗೆ ಬೇಸರ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಇವರ ಕೈ ಹಿಡಿದು ಇದನ್ನೂ ಬಿಡಿಸ್ಬೇಡಿ."

ಅಮ್ಮ ಅವಳ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದಳು.  ಇದು ನನ್ನ ಹೆಂಡತಿ ನನಗೇ ಹೇಳದಿದ್ದ ಮಾತು. ಕಣ್ಣು ತುಂಬಿತು. ಕ್ಯಾಮೆರಾದ ಪರದೆ ಒರೆಸುತ್ತ ಕೂತೆ. ಹನ್ನೊಂದಾಯಿತು, ಯಲ್ಲಾ ಎಂದು ಭಟ್ಕಳದವನು ಕೂಗಿದ.

ದಾರಿಯಲ್ಲಿ ಅಮ್ಮ ಫೋಟೊ ಕೇಳಿದಳು. ದಬ್ಬಿನ ಮುಖ ಒಂದೊಂದು ಹುರುಪೆಯೂ ಕಾಣುವಷ್ಟು ಸ್ಪಷ್ಟವಾಗಿ ಬಂದಿತ್ತು, ಬಾಯಿಯಿಂದ ಒಂದು ಹಳದಿ ಎಸಳು ಹೊರಗೆ ಇಣುಕುತ್ತಿತ್ತು. ಮೂಲೆಯಲ್ಲಿ ಮಸುಕಾಗಿ ಅವಳ ಮುಗಿದ ಕೈ. "ನನ್ನ ಬಳೆ ಚಂದ ಬಂದಿದೆ" ಎಂದಳು. ಉಳಿದ ದಿನಗಳಲ್ಲಿ ಎಲ್ಲ ಶುಕ್ರವಾರವೂ ನಮ್ಮ ಜತೆ ಬಂದಳು. ಕೈ ಹಾಕು ಎಂಬ ಮಾತು ಮತ್ತೆ ಬರಲಿಲ್ಲ. ಆದರೆ ಕೈ ಹಾಕುವುದು ಬೇಡ ಎಂದೂ ಅವಳು ಹೇಳಲಿಲ್ಲ. ವಿಮಾನ ಹತ್ತುವವರೆಗೆ ನಾನು ಅದನ್ನೇ ಕಾಯುತ್ತಿದ್ದೆ.

ಊರಿಗೆ ಹೋದವಳು ನಾಗಬನದಲ್ಲಿ ನಮ್ಮ ಹೆಸರಿನಲ್ಲಿ ತಂಬಿಲ ಸೇವೆ ಮಾಡಿಸಿದಳು. ಆ ಸಂಜೆ ಫೋನ್ ಬಂತು. ನಾನು ಸ್ಪೀಕರಿನಲ್ಲಿ ಹಾಕಿದೆ. ಹೆಂಡತಿ ಅಕ್ಕಿ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಅವಳು ಏನು ಕೇಳಲು ಹೆದರುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನೇ ಕೇಳಿದೆ.

"ಎಂತ ಬೇಡಿಕೊಂಡ್ರಿ ಅಮ್ಮಾ?"

"ಗಾಡಿ ಹೂತುಹೋಗದ ಹಾಗೆ ನೋಡ್ಕೊ ಅಂತ."

"ಅಷ್ಟೇಯಾ?"

"ಮತ್ತೆಂತ? ಇಬ್ಬರೂ ಶುಕ್ರವಾರ ಹೊರಡ್ತಾರೆ, ಹೋಗಿ ಬರ್ಲಿ ಅಂತ ಹೇಳಿದ್ದೇನೆ. ಆ ಬಿಲದ ಜೀವಕ್ಕೆ ಹೂ ತಕೊಂಡು ಹೋಗ್ಲಿಕ್ಕೆ ಮರೀಬೇಡಿ."