ಇಪ್ಪತ್ತು ಅಂದುಕೊಂಡಿದ್ದ ಹತ್ತೊಂಬತ್ತು ಬಡಿತ

ನಾನು ಶಾಲೆಗೆ ಸೇರಿದಾಗ ನನಗೆ ಹದಿಮೂರು ವರ್ಷ. ಅಷ್ಟರೊಳಗೆ ಗಾವಡಗೆರೆಯ ನಮ್ಮ ಕಣದಲ್ಲಿ ಅಪ್ಪನ ಜೊತೆ ರಾಗಿ ಅಳೆಯುತ್ತಾ ಎಣಿಕೆ ಕಲಿತಿದ್ದೆ. ಮೊದಲ ಕೊಳಗಕ್ಕೆ ನಮ್ಮ ಕಡೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಶಾಲೆಯ ಮೇಷ್ಟ್ರು ನನ್ನ ಬಾಯಲ್ಲಿ ‘ಒಂದು’ ಹೇಳಿಸಿದರು. ಮನಸ್ಸಿನೊಳಗೆ ಲಾಭ ಹಾಗೇ ಉಳಿಯಿತು.

ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಮೀಸೆ ಬಂದು ವರ್ಷಗಳಾಗಿದ್ದವು. ಹುಣಸೂರಿನಲ್ಲಿ ಟೈಪಿಂಗ್ ಕಲಿತು, ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ವೈದ್ಯಕೀಯ ಕಾಲೇಜಿಗೆ ಟೈಪಿಸ್ಟಾಗಿ ಸೇರಿದೆ. ಅಲ್ಲಿನ ಪ್ರೊಫೆಸರು, ಡಾಕ್ಟರ್ ಪಾಸಾಗಿ ಸಂಶೋಧನೆಗೆ ಬಂದ ಎಳೆಯರಿಗೆ ಹೃದಯವನ್ನು ಅಳೆಯಲು ಕಲಿಸುತ್ತಿದ್ದರು.

“ಎದೆ ಜೋರಾಗಿ ಹೊಡ್ಕೋತಿದೆ ಅಂತ ಬರೀಬೇಡಿ. ಎಷ್ಟು ಜೋರು, ಎಷ್ಟು ಹೊತ್ತಲ್ಲಿ ಇಳೀತು, ಅದನ್ನ ಬರೀರಿ. ಗದ್ದೇಲಿ ಗೇಯೋನ ಗಟ್ಟಿ ಹೃದಯ ಹೆಂಗಿರತ್ತೆ ಅಂತ ಗೊತ್ತಿಲ್ದೆ, ವಾರ್ಡಲ್ಲಿ ಮಲಗಿರೋನ ಹೃದಯ ಕೆಟ್ಟಿದೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ?” ಎನ್ನುತ್ತಿದ್ದರು.

ಈ ಮಾತಿನಿಂದಲೇ ಒಂದು ಕೆಲಸ ಹುಟ್ಟಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗುವುದು. ಕಾಯಿಲೆ ಇಲ್ಲದ ಜನರನ್ನು ಕೂರಿಸಿ ನಾಡಿ ನೋಡುವುದು. ಒಂದು ಗಿಡ್ಡ ಸ್ಟೂಲನ್ನು ಹತ್ತಿಸಿ ಇಳಿಸಿ ಮತ್ತೆ ನೋಡುವುದು. ಅದು ಒಬ್ಬ ಡಾಕ್ಟರಮ್ಮನವರ ಪ್ರಬಂಧ. ಅವರ ಜೊತೆಗೆ ಇನ್ನೊಬ್ಬ ಎಳೆಯ ಡಾಕ್ಟರು. ಊರ ಮಾತು ಬಲ್ಲವನೆಂದು ನನ್ನನ್ನೂ ಜೀಪಿಗೆ ಹತ್ತಿಸಿದರು.

ಅವರಿಬ್ಬರ ಕೈ ಯಾವಾಗಲೂ ಬಿಪಿ ಪಟ್ಟಿಯಲ್ಲೋ ಇಸಿಜಿ ಯಂತ್ರದ ತಂತಿಯಲ್ಲೋ ಸಿಕ್ಕಿಕೊಂಡಿರುತ್ತಿತ್ತು. ನಾಡಿ ಎಣಿಸುವುದು ನನ್ನ ಪಾಲಿಗೆ ಬಂತು. ಎಳೆಯ ಡಾಕ್ಟರು ಓಡುವ ಜೀಪಿನಲ್ಲೇ ಹೇಳಿಕೊಟ್ಟರು: “ಒಂದು ಬಡಿತಕ್ಕೆ ಸ್ಟಾಪ್‌ವಾಚ್ ಒತ್ತಿ. ಇಪ್ಪತ್ತಕ್ಕೆ ನಿಲ್ಲಿಸಿ. ಎಷ್ಟು ಸೆಕೆಂಡ್ ಅಂತ ಬರೀರಿ, ಅಷ್ಟೇ.” ಇಪ್ಪತ್ತು ಎಂದಾಗ ನನಗೆ ಖುಷಿಯಾಯಿತು. ಖಂಡುಗದ ಲೆಕ್ಕ.

ಎರಡು ತಾಲ್ಲೂಕು ಮುಗಿಯಿತು. ಕಾಲೇಜಿಗೆ ಬಂದು ನಾನು ಪಟ್ಟಿಯನ್ನು ಟೈಪ್ ಮಾಡುತ್ತಾ ಕುಳಿತೆ. ಕರೆಂಟ್ ಇದ್ದ ಊರುಗಳಲ್ಲಿ ಯಂತ್ರ ಗೀಟುಕಾಗದದ ಮೇಲೆ ಹೃದಯದ ಬಡಿತವನ್ನು ಬರೆದಿತ್ತು. ಅಂಥವರ ಹೆಸರಿನ ಮುಂದೆ ಎರಡು ಅಂಕಿ: ಒಂದು ಯಂತ್ರದ್ದು, ಒಂದು ನನ್ನ ಸೆಕೆಂಡುಗಳಿಂದ ನಿಮಿಷಕ್ಕೆ ಲೆಕ್ಕ ಹಾಕಿದ್ದು. ಯಂತ್ರ ನಿಮಿಷಕ್ಕೆ ಎಪ್ಪತ್ತಾರು ಎಂದರೆ ನನ್ನದು ಎಂಬತ್ತು. ಎಲ್ಲರಿಗೂ ನನ್ನದೇ ಹೆಚ್ಚು.

“ಏನ್ರೀ, ಅವರ ಕೈ ಹಿಡ್ಕೊಂಡು ನಿಮ್ಮೆದೇದೇ ಎಣಿಸ್ತಿದ್ರಾ?” ಎಂದು ಎಳೆಯ ಡಾಕ್ಟರು ನಕ್ಕರು. ಪ್ರೊಫೆಸರ ಹತ್ತಿರ ಹೋಗಿ, “ನಾಲ್ಕು ನಾಲ್ಕು ಕಳೆದುಬಿಡೋಣ ಸರ್” ಎಂದರು.

“ಯಾಕೆ ಕಳೀಬೇಕು ಅಂತ ಗೊತ್ತಿದ್ರೆ ಕಳೀರಿ. ಗೊತ್ತಿಲ್ದಿದ್ರೆ ಎರಡು ತಾಲ್ಲೂಕನ್ನೂ ಎಸೀರಿ. ಕರೆಂಟಿಲ್ಲದ ಊರಿನವರಿಗೆ ನಿಮ್ಮ ಹತ್ರ ಇರೋದು ಬೆರಳೊಂದೇ. ಆ ಬೆರಳೇ ಸುಳ್ಳಾದ್ರೆ?”

ಡಾಕ್ಟರಮ್ಮ ನನ್ನ ಮೇಜಿನ ಮೇಲಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟರು. ಆ ವರ್ಷ ಪ್ರಬಂಧ ಒಪ್ಪಿಸದಿದ್ದರೆ ಅವರ ಸೀಟು ಹೋಗುತ್ತಿತ್ತು. ಇನ್ನೊಮ್ಮೆ ಅಷ್ಟೂ ಊರು ಸುತ್ತಲು ಸಮಯವಿರಲಿಲ್ಲ. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ಎರಡೇ ಬೆರಳಲ್ಲಿ ಟೈಪ್ ಮಾಡುವವನು. ಒಂದೊಂದು ಅಂಕಿಗೂ ಕೀಲಿ ಹುಡುಕಬೇಕು. ಹಾಗೆ ಹುಡುಕುತ್ತಿರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವ್ಯತ್ಯಾಸ ಯಾವಾಗಲೂ ನಾಲ್ಕಲ್ಲ. ಸ್ಟೂಲ್ ಹತ್ತಿ ಇಳಿದ ಮೇಲೆ ಯಂತ್ರ ನೂರ ಹದಿನಾಲ್ಕು ತೋರಿಸಿದ ಕಡೆ ನನ್ನದು ನೂರ ಇಪ್ಪತ್ತು. ಅಲ್ಲಿ ಆರು! ಹೃದಯ ಜೋರಾದಂತೆ ತಪ್ಪೂ ಬೆಳೆಯುತ್ತಿತ್ತು. ಭಾಗಿಸಿ ನೋಡಿದೆ. ಎಂಬತ್ತಕ್ಕೆ ನಾಲ್ಕು, ನೂರ ಇಪ್ಪತ್ತಕ್ಕೆ ಆರು. ಎಲ್ಲಿ ನೋಡಿದರೂ ಇಪ್ಪತ್ತಕ್ಕೆ ಒಂದು. ಆ ಒಂದು ಎಲ್ಲಿಂದ ನುಗ್ಗುತ್ತಿದೆ ಎಂದು ಊಟ ಮಾಡುವಾಗಲೂ ಅದೇ ಯೋಚನೆ.

ಮತ್ತೊಮ್ಮೆ ಪರೀಕ್ಷಿಸಲು ಕಂಪಲಾಪುರಕ್ಕೆ ಹೋದೆವು. ಪ್ರೊಫೆಸರೂ ಬಂದರು. ಶಾಲೆಯ ಜಗುಲಿಯಲ್ಲಿ ಯಂತ್ರ ಜೋಡಿಸುತ್ತಿದ್ದಾಗ ಎದುರು ಮನೆಯ ಅಂಗಳದಲ್ಲಿ ಒಬ್ಬ ಗೌಡರು ರಾಗಿ ಅಳೆಯುತ್ತಿದ್ದರು. ಕೊಳಗ ತುಂಬಿದರು, ಚೀಲಕ್ಕೆ ಸುರಿದರು, ಆಮೇಲೆ “ಲಾಭಾ...” ಎಂದರು. ನಾನು ಅಲ್ಲೇ ನಿಂತುಬಿಟ್ಟೆ.

“ಏನ್ ಸಾಮಿ, ಅಂಗ್ ನೋಡ್ತಾ ನಿಂತ್ಕಂಡ್ರಿ? ಅಳ್ತೇಲಿ ಮೋಸ ಮಾಡ್ತೀನಿ ಅಂತಾನಾ?”

“ಇಲ್ಲ ಗೌಡ್ರೇ. ಸುರಿದ್ ಮೇಲೆ ಲಾಭ ಅಂತೀರಾ, ಸುರಿಯೋಕ್ ಮುಂಚೇನಾ?”

“ಸುರೀದೆ ಯಾರಾರ ಲಾಭ ಅಂತಾರಾ? ಬರೀ ಚೀಲಕ್ಕೆ ಲಾಭ ಅಂದ್ರೆ ನಮ್ಮನೆಯವ್ಳು ಊಟಕ್ಕೂ ಬರೀ ತಟ್ಟೆ ಮಡಗ್ತಾಳೆ ಕಣ್ರೀ!”

ನಾನು ಮಾಡಿದ್ದು ಅದೇ. ಮೊದಲ ಬಡಿತಕ್ಕೆ ವಾಚು ಒತ್ತುತ್ತಲೇ ಮನಸ್ಸಿನಲ್ಲಿ ಲಾಭ ಎನ್ನುತ್ತಿದ್ದೆ. ಆಗಿನ್ನೂ ಒಂದು ಚೂರು ಹೊತ್ತೂ ಕಳೆದಿರುವುದಿಲ್ಲ, ಚೀಲ ಬರಿದು. ಎರಡನೆಯ ಬಡಿತ ಬಂದಾಗಲೇ ಮೊದಲ ಕೊಳಗ ಬೀಳುವುದು. ನಾನು ಇಪ್ಪತ್ತು ಎನ್ನುವಾಗ ಬಿದ್ದಿರುತ್ತಿದ್ದುದು ಹತ್ತೊಂಬತ್ತೇ.

ಹೇಳಲು ನಾಚಿಕೆಯಾಯಿತು. ಹದಿಮೂರು ವರ್ಷದವರೆಗೆ ಕಣದಲ್ಲಿದ್ದವನ ಬುದ್ಧಿ ಇಷ್ಟೇ ಎಂದಾರು ಎನಿಸಿತು. ಆದರೆ ಡಾಕ್ಟರಮ್ಮ ಜಗುಲಿಯ ಮೂಲೆಯಲ್ಲಿ ಕುಳಿತು ಆ ಎರಡು ತಾಲ್ಲೂಕಿನ ಹಾಳೆಗಳನ್ನೇ ಮತ್ತೆ ಮತ್ತೆ ತಿರುವುತ್ತಿದ್ದರು. ಹೋಗಿ ಪ್ರೊಫೆಸರಿಗೆ ಎಲ್ಲವನ್ನೂ ಹೇಳಿದೆ.

ಅವರು ಕೇಳಿದ್ದು ಒಂದೇ: “ಪ್ರತಿ ಸಲಾನೂ ಹಂಗೇ ಎಣಿಸಿದೀರಾ? ಒಂದ್ಸಲ ಹಿಂಗೆ, ಒಂದ್ಸಲ ಹಂಗೆ ಆಗಿದ್ರೆ ಯಾವುದೂ ಉಳಿಯಲ್ಲ.”

“ಲಾಭ ಅನ್ನದೆ ನಂಗೆ ಎಣಿಸೋಕೇ ಬರಲ್ಲ ಸಾರ್.”

“ಸರಿ. ಇವತ್ತು ಬರೋರನ್ನೆಲ್ಲ ಹಳೇ ಥರಾನೇ ಎಣಿಸಿ. ಯಂತ್ರದ ಕಡೆ ತಿರುಗಬೇಡಿ.”

ಮಧ್ಯಾಹ್ನದವರೆಗೆ ಗೋಡೆಗೆ ಮುಖ ಮಾಡಿ ಎಣಿಸಿದೆ. ನನ್ನ ಸೆಕೆಂಡುಗಳನ್ನು ಹತ್ತೊಂಬತ್ತು ಬಡಿತಕ್ಕೆಂದು ಲೆಕ್ಕ ಹಾಕಿದಾಗ ಯಂತ್ರದ ಅಂಕಿಗೆ ತಾಳೆಯಾಯಿತು, ಒಬ್ಬರಾದ ಮೇಲೆ ಒಬ್ಬರಿಗೆ. ಡಾಕ್ಟರಮ್ಮ ಹಾಳೆಗಳನ್ನು ಎದೆಗೊತ್ತಿಕೊಂಡು ಎದ್ದು ನಿಂತರು. “ರೀ, ನೀವು ಒಂದೇ ಒಂದ್ಸಲ ಸರಿಯಾಗಿ ಎಣಿಸಿದ್ರೂ ನಾನು ಕೆಟ್ಟಿದ್ದೆ ಕಣ್ರೀ” ಎಂದು ನಗತೊಡಗಿದರು. ಎಳೆಯ ಡಾಕ್ಟರು ಜೀಪಿನ ಪಾಠವನ್ನು ನೆನೆದು ತಲೆ ಕೆರೆದುಕೊಂಡರು.

“ಇನ್ಮೇಲೆ ಮೊದಲನೇದಕ್ಕೆ ಸೊನ್ನೆ ಅನ್ನಿ” ಎಂದರು ಪ್ರೊಫೆಸರು. ಸೊನ್ನೆ ನನ್ನ ನಾಲಿಗೆಗೆ ಹತ್ತಲಿಲ್ಲ. ‘ಖಾಲಿ’ ಎನ್ನುವುದು ಸಲೀಸಾಯಿತು.

ಪಟ್ಟಿಯನ್ನೆಲ್ಲ ಮೊದಲಿನಿಂದ ಟೈಪ್ ಮಾಡಿದೆ. ತಪ್ಪಾದದ್ದು ಹೇಗೆ, ತಿದ್ದಿದ್ದು ಹೇಗೆ ಎಂದು ಪ್ರಬಂಧದಲ್ಲಿ ಅರ್ಧ ಪುಟ ಬರೆಯಲೇಬೇಕೆಂದು ಡಾಕ್ಟರಮ್ಮ ಹಟ ಹಿಡಿದರು. ಅದನ್ನೂ ನಾನೇ ಟೈಪ್ ಮಾಡಿದೆ.

ಆಮೇಲೆ ಉಳಿದ ತಾಲ್ಲೂಕುಗಳಿಗೆ ಹೊರಟು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಗಿರಿಜನರ ಒಂದು ಹಾಡಿಗೆ ಹೋದೆವು. ಅಲ್ಲಿ ಕರೆಂಟಿಲ್ಲ, ಯಂತ್ರ ಜೀಪಿನಲ್ಲೇ ಉಳಿಯಿತು. ಸೌದೆ ಹೊರೆ ಇಳಿಸಿ ಬಂದ ಒಬ್ಬ ಹೆಂಗಸಿನ ಕೈ ಹಿಡಿದು “ಖಾಲಿ” ಎಂದು ವಾಚು ಒತ್ತಿದೆ.

“ಖಾಲಿ ಅಂತೀಯಲ್ಲಪ್ಪಾ, ನನ್ನೆದೇಲಿ ಏನೂ ಇಲ್ವಾ?” ಎಂದು ಆಕೆ ಕೈ ಕಿತ್ತುಕೊಂಡರು.

“ಅದೆ ಕಣಮ್ಮಾ, ಈಗ್ ಎಣಿಸ್ತೀನಿ ನೋಡು.”

ನಗುತ್ತಲೇ ಮತ್ತೆ ಕೈ ಕೊಟ್ಟರು. ಎಣಿಸಿದೆ, ಸೆಕೆಂಡು ಹೇಳಿದೆ. ಡಾಕ್ಟರಮ್ಮ ತಲೆ ಎತ್ತದೆ ಬರೆದುಕೊಂಡು, “ಮುಂದಿನವರು ಬನ್ನಿ” ಎಂದರು.